ಕಲ್ಯಾಣದ ಸಿಂಹ, ಕಂಪನಿಯ ಸಿಂಹ: ಹಳೇ ಬಂಗಾರದ ನಾಣ್ಯದಲ್ಲಿ ‘ಡಬಲ್’ ಯಾವುದು, ‘ಪ್ರೂಫ್’ ಯಾವುದು?

(1/7)
“ಪಾಯ ತೆಗೆಯುವಾಗ ಕೊಡ ಸಿಕ್ಕದ, ರಾಜರ ಕಾಲದ ಬಂಗಾರ ಅದ.” ಈ ಮಾತಿನಿಂದ ಶುರುವಾಗುವ ಮೋಸ ಕರ್ನಾಟಕಕ್ಕೆ ಹೊಸದಲ್ಲ. ಮೊದಲು ಒಂದೇ ಒಂದು ಅಸಲಿ ನಾಣ್ಯ ಕೊಟ್ಟು “ಪತ್ತಾರರ ಹತ್ರ ತೋರಿಸ್ಕೊಂಡು ಬರ್ರಿ” ಅಂತಾರೆ. ಒರೆಗಲ್ಲಿಗೆ ತಿಕ್ಕಿದರೆ ಬಂಗಾರ ಹೌದು. ಆಮೇಲೆ ರೊಕ್ಕ ಎಣಿಸಿಕೊಂಡು ಕೊಡೋ ಚೀಲದಲ್ಲಿ ಬರೀ ಹಿತ್ತಾಳೆ. ನಾಣ್ಯ ಸಂಗ್ರಹ ಮಾಡೋರಿಗೆ ಹಾಕೋ ಗಾಳ ಇನ್ನೂ ನಯವಾಗಿರ್ತದೆ: “ಇದು ಡಬಲ್ ಅಚ್ಚು, ಅಪರೂಪ”, “ಇದು ಪ್ರೂಫ್ ಪೀಸ್.” ಈ ಎರಡು ಮಾತಿನ ಬೆಲೆ ತಿಳೀಬೇಕಂದ್ರೆ ನಾಣ್ಯ ಹೇಗೆ ಹುಟ್ಟುತ್ತಿತ್ತು ಅನ್ನೋದು ಗೊತ್ತಿರಬೇಕು. ನಮ್ಮ ಊರಿಂದಲೇ ಶುರು ಮಾಡೋಣ.

(2/7) ಗದ್ಯಾಣ
ಒಂದನೇ ಸೋಮೇಶ್ವರ 11ನೇ ಶತಮಾನದಲ್ಲಿ ಕಲ್ಯಾಣವನ್ನು ಚಾಲುಕ್ಯರ ರಾಜಧಾನಿ ಮಾಡಿದ. ಆ ಕಾಲದ ಬಂಗಾರದ ನಾಣ್ಯ ಅಂದ್ರೆ ಗದ್ಯಾಣ, ತೂಕ ಮೂರೂವರೆ ಗ್ರಾಮಿನ ಆಸುಪಾಸು. ಲಕ್ಕುಂಡಿಯ ಟಂಕಸಾಲೆಯದ್ದಕ್ಕೆ ಶಾಸನಗಳಲ್ಲಿ ‘ಲೊಕ್ಕಿ ಗದ್ಯಾಣ’ ಅನ್ನೋ ಹೆಸರೇ ಇದೆ.

ಚಾಲುಕ್ಯರ ಗದ್ಯಾಣಗಳಲ್ಲಿ ಬಹಳಷ್ಟನ್ನು ಒಂದೇ ಏಟಿಗೆ ಮಾಡಿದ್ದಲ್ಲ. ತೂಕ ಮಾಡಿದ ಬಂಗಾರವನ್ನು ತೆಳು ಬಿಲ್ಲೆ ಮಾಡಿ, ಸಿಂಹಕ್ಕೆ ಒಂದು ಮೊಳೆ, ಶ್ರೀಕಾರಕ್ಕೆ ಒಂದು, ರಾಜನ ಬಿರುದಿಗೆ ಇನ್ನೊಂದು ಹೀಗೆ ಬೇರೆ ಬೇರೆಯಾಗಿ ಸುತ್ತಿಗೆಯಿಂದ ಒತ್ತುತ್ತಿದ್ದರು. ಏಟು ಬಿದ್ದಂತೆಲ್ಲ ಬಿಲ್ಲೆ ಬಗ್ಗಿ ಪುಟ್ಟ ಬಟ್ಟಲಿನ ಹಾಗೆ ಆಗ್ತದೆ. ಒಂದು ಗುರುತು ಇನ್ನೊಂದರ ಮೇಲೆ ಹತ್ತಿ ಕೂತಿರ್ತದೆ. ಇದು ದೋಷ ಅಲ್ಲ, ಅಪರೂಪವೂ ಅಲ್ಲ. ಈ ನಾಣ್ಯ ಹುಟ್ಟೋದೇ ಹೀಗೆ. ಅದಕ್ಕೇ ‘ಡಬಲ್’ ಅಂತ ಹೆಚ್ಚು ರೇಟ್ ಕೇಳಿದರೆ ಕೊಡಬೇಡ್ರಿ.

(3/7) ಎರಡು ಅಚ್ಚಿನ ಕಾಲ
ಹೊಯ್ಸಳ ವಿಷ್ಣುವರ್ಧನನ ‘ತಳಕಾಡುಗೊಂಡ’ ನಾಣ್ಯ, ಬೀದರಿನ ಬಹಮನಿಯರ ಟಂಕ, ವಿಜಯನಗರದ ವರಾಹ, ಇವೆಲ್ಲ ಎರಡು ಅಚ್ಚಿನ ನಡುವೆ ಒತ್ತಿದವು. ಕೆಳಗಿನ ಅಚ್ಚು ಅಡಿಗಲ್ಲಿನ ಹಾಗೆ ಗಟ್ಟಿ, ಮೇಲಿನದು ಕೈಯಲ್ಲಿ. ಒಂದು ಏಟು ಸಾಲದೆ ಎರಡನೇದು ಹೊಡೆಯುವಾಗ ಅಚ್ಚೋ ಬಿಲ್ಲೆಯೋ ಕೂದಲೆಳೆಯಷ್ಟು ಸರಿದರೆ ಅಕ್ಷರ ಎರಡಾಗಿ ಕಾಣ್ತದೆ. ನಿಜವಾದ ಎರಡು ಏಟಿನ ಲಕ್ಷಣ ಲೆನ್ಸ್ ಹಿಡಿದು ನೋಡ್ರಿ: ಮೊದಲ ಅಕ್ಷರ ಚಪ್ಪಟೆಯಾಗಿ ಅಡಿಗೆ ಬಿದ್ದಿರ್ತದೆ, ಎರಡನೇದು ಅದರ ಮೇಲೆ ಚೂಪಾಗಿ ನಿಂತಿರ್ತದೆ. ಕೆಳಗಿನ ಅಚ್ಚು ನಾಣ್ಯವನ್ನು ಹಿಡಿದುಕೊಂಡಿದ್ದರೆ ಆ ಕಡೆ ಏನೂ ಆಗಿರೋದಿಲ್ಲ, ಒಂದೇ ಮುಖ ಡಬಲ್.

(4/7) ಯಂತ್ರದ ಕಾಲ
1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನಾಲ್ಕನೇ ವಿಲಿಯಂ ಹೆಸರಿನ ಮೊಹರು ತಂತು: 11.66 ಗ್ರಾಂ ತೂಕ, ಹಿಂದೆ ತಾಳೆ ಮರ, ಅದರ ಮುಂದೆ ನಡೆಯೋ ಸಿಂಹ. ಯಂತ್ರದ ನಾಣ್ಯದಲ್ಲಿ ಏಟು ಸರಿಯೋದು ಕಡಿಮೆ, ಆದರೆ ಡಬಲ್ ಎರಡು ಬೇರೆ ದಾರಿಯಿಂದ ಬರ್ತದೆ.

ಒಂದು: ಡೈ ಮಾಡುವಾಗಲೇ ಮೂಲ ಅಚ್ಚನ್ನು ಅದರೊಳಗೆ ಎರಡು ಸಲ ಸ್ವಲ್ಪ ಓರೆಯಾಗಿ ಒತ್ತಿದ್ದು. ಆಗ ಎರಡೂ ಗೆರೆ ದುಂಡಗೆ, ಪೂರ್ತಿ ಎತ್ತರಕ್ಕೆ ಇರ್ತವೆ. ಸಂಗ್ರಹಕಾರರು ಬೆಲೆ ಕೊಡೋದು ಇದಕ್ಕೆ.
ಎರಡು: ಡೈ ಸಡಿಲಾಗಿ ಅಲುಗಾಡಿದ್ದು. ಅಕ್ಷರದ ಪಕ್ಕ ಚಪ್ಪಟೆ ಮೆಟ್ಟಿಲಿನಂಥ ಅಂಚು ಬರ್ತದೆ. ಇದಕ್ಕೆ ಹೆಚ್ಚಿನ ಬೆಲೆ ಇಲ್ಲ.

(5/7) ಪ್ರೂಫ್
ಪ್ರೂಫ್ ಅಂದ್ರೆ ‘ಹೊಳೆಯೋ ನಾಣ್ಯ’ ಅಲ್ಲ. ಡೈ, ಬಿಲ್ಲೆ ಎರಡನ್ನೂ ಕನ್ನಡಿಯಂತೆ ಉಜ್ಜಿ, ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಸಲ ಒತ್ತಿ ಮಾಡಿದ ನಾಣ್ಯ. ಇದು ಯಂತ್ರದ ಮಾತು. ಗದ್ಯಾಣಕ್ಕೋ ವರಾಹಕ್ಕೋ ಯಾರಾದ್ರೂ ಪ್ರೂಫ್ ಅಂದ್ರೆ ಮಾತು ಅಲ್ಲೇ ಮುಗೀತು.

ಕಂಪನಿ ನಾಣ್ಯದಲ್ಲಿ ಹೀಗೆ ನೋಡ್ರಿ: ಪ್ರೂಫಿನಲ್ಲಿ ಅಂಚು ಚೂಪು, ಸಿಂಹದ ಕೇಸರ ಬಿಡಿಬಿಡಿ. ಡೈ ಉಜ್ಜಿದ ಸಣ್ಣ ಗೆರೆಗಳು ಉಬ್ಬಿರ್ತವೆ, ಅಕ್ಷರದ ಬುಡಕ್ಕೆ ಬಂದು ನಿಲ್ತವೆ. ಅಂಗಡಿಯಲ್ಲಿ ಪಾಲಿಶ್ ಮಾಡಿದ ನಾಣ್ಯದಲ್ಲಿ ಗೆರೆಗಳು ಕೊರೆದಂತಿದ್ದು ಅಕ್ಷರದ ಮೇಲೂ ಹಾದು ಹೋಗ್ತವೆ, ಮೂಲೆಗಳು ಸವೆದಿರ್ತವೆ. ಇನ್ನೊಂದು ಮಾತು: ಕಲ್ಕತ್ತಾ, ಬಾಂಬೆ ಟಂಕಸಾಲೆಗಳು 1970ರವರೆಗೂ ಸಂಗ್ರಹಕಾರರಿಗಾಗಿ ಹಳೇ ನಾಣ್ಯಗಳನ್ನು ಮತ್ತೆ ಒತ್ತಿ ಕೊಡ್ತಿದ್ದವು. ಹಾಗಾಗಿ ಮೇಲೆ 1835 ಇದ್ದರೂ ನಾಣ್ಯ 1835ರಲ್ಲೇ ಹುಟ್ಟಿರಬೇಕಂತಿಲ್ಲ.

(6/7) ಎರಡು ಪರೀಕ್ಷೆ (ಸೇವ್ ಮಾಡ್ಕೊಳ್ರಿ)
ನೀರು: 0.01 ಗ್ರಾಂ ತೋರಿಸೋ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡ್ರಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಪೂರ್ತಿ ಮುಳುಗಿಸ್ರಿ. 3.40 ಗ್ರಾಮಿನ ಒಳ್ಳೆ ಬಂಗಾರ ಆದ್ರೆ 0.19ರ ಹತ್ತಿರ ತೋರಿಸ್ತದೆ, ಹಿತ್ತಾಳೆ ಆದ್ರೆ 0.40. ಆದರೆ ಇದು ಹೇಳೋದು ‘ಬಂಗಾರ ಹೌದೋ ಅಲ್ಲೋ’ ಅಂತ ಮಾತ್ರ. ಹೋದ ವರ್ಷ ಎರಕ ಹೊಯ್ದ ಬಂಗಾರವೂ ಇದರಲ್ಲಿ ಪಾಸಾಗ್ತದೆ.

ಜೋಡಿ: ಅದಕ್ಕೇ ಎಂದೂ ಒಂದೇ ನಾಣ್ಯ ನೋಡಬೇಡ್ರಿ, ಎರಡು ಕೇಳ್ರಿ. ಸುತ್ತಿಗೆಯ ನಾಣ್ಯದಲ್ಲಿ ಏಟು ಸರಿಯೋದು ಕೈಯ ಕೆಲಸ, ಅದೇ ಅಳತೆಗೆ ಇನ್ನೊಮ್ಮೆ ಸರಿಯೋದಿಲ್ಲ. ಎರಡು ಗದ್ಯಾಣದಲ್ಲಿ ಸಿಂಹ ಅದೇ ಜಾಗದಲ್ಲಿ ಶ್ರೀಕಾರದ ಮೇಲೆ ಹತ್ತಿದ್ದು, ಅಂಚಿನ ಬಿರುಕೂ ಒಂದೇ ಥರ ಇದ್ದರೆ ಅವು ಒಂದೇ ಅಚ್ಚಿನ ಎರಕ. ಯಂತ್ರದ ನಾಣ್ಯದಲ್ಲಿ ಇದು ಪೂರ್ತಿ ಉಲ್ಟಾ: ಡೈಯಲ್ಲೇ ಡಬಲ್ ಇದ್ದರೆ ಆ ಡೈಯಿಂದ ಬಂದ ಎಲ್ಲಾ ನಾಣ್ಯದಲ್ಲೂ ಅದು ಹಾಗೇ ಇರಬೇಕು. ಲಕ್ಷಣ ಒಂದೇ, ಒಂದು ಕಾಲಕ್ಕೆ ನಕಲಿಯ ಸಾಕ್ಷಿ, ಇನ್ನೊಂದು ಕಾಲಕ್ಕೆ ಅಸಲಿಯ ಸಾಕ್ಷಿ.

(7/7) ಕೊನೆಗೆ
ನಿಜವಾಗಲೂ ಹೊಲದಲ್ಲೋ ಪಾಯದಲ್ಲೋ ನಾಣ್ಯ ಸಿಕ್ಕರೆ? ತಿಕ್ಕಬೇಡ್ರಿ, ತೊಳೆಯಬೇಡ್ರಿ, ಕೊಂಡಿ ಬೆಸೆದು ಸರಕ್ಕೆ ಹಾಕಬೇಡ್ರಿ. ನೆಲದ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ ಕಾನೂನೇ ಇದೆ. 1972ರ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ಅದನ್ನು ದೇಶದ ಹೊರಗೆ ಮಾರೋ ಹಾಗಿಲ್ಲ.

ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿ ಹೊನ್ನಿನ ಲೆಕ್ಕ ಇಟ್ಟ ಊರು ಇದು. ಅಂಥ ಊರಿನ ನಾಣ್ಯ ಕುಲುಮೆಗೆ ಹೋದರೆ ಮೂರೂವರೆ ಗ್ರಾಂ ಬಂಗಾರ ಉಳೀತದೆ. ಯಾರದೋ ಕೈ ಒಂದು ಕ್ಷಣ ಸರಿದದ್ದರ ಗುರುತು ಮಾತ್ರ ಕರಗಿ ಹೋಗ್ತದೆ, ಅದನ್ನು ಯಾವ ಪತ್ತಾರರೂ ಮತ್ತೆ ಮಾಡಿ ಕೊಡೋಕಾಗಲ್ಲ.

ಮನೆಯಲ್ಲಿ ನಾಣ್ಯದ ಸರ ಇದ್ದೋರಿಗೆ ಇದನ್ನ ಕಳಿಸ್ರಿ.

#ಬಸವಕಲ್ಯಾಣ #ಹುಮನಾಬಾದ್ #ಗದ್ಯಾಣ #ಕಲ್ಯಾಣಚಾಲುಕ್ಯರು #ಹಳೇನಾಣ್ಯ