ನಿದ್ರಾರಂಭದ ಬೆಚ್ಚುವಿಕೆ

ನಿದ್ರಾರಂಭದ ಬೆಚ್ಚುವಿಕೆ ಎಂದರೆ ಎಚ್ಚರದಿಂದ ನಿದ್ರೆಗೆ ಜಾರುವ ಹೊತ್ತಿನಲ್ಲಿ ಸ್ನಾಯುಗಳು ಇಚ್ಛೆಯಿಲ್ಲದೆ ಹಠಾತ್ತನೆ ಸಂಕುಚಿಸಿ ದೇಹ ಅದುರುವುದು. ವೈದ್ಯಕೀಯದಲ್ಲಿ ಇದಕ್ಕೆ ಹಿಪ್ನಿಕ್ ಜರ್ಕ್ ಅಥವಾ ಸ್ಲೀಪ್ ಸ್ಟಾರ್ಟ್ ಎಂಬ ಹೆಸರುಗಳಿವೆ. ಸುಮಾರು ಶೇ. 60ರಿಂದ 70ರಷ್ಟು ಜನರಿಗೆ ಇದರ ಅನುಭವವಿರುತ್ತದೆ ಎಂದು ಅಂದಾಜಿಸಲಾಗಿದೆ. ಇದು ರೋಗವಲ್ಲ, ಆದರೆ ಅಪಸ್ಮಾರದ ಸೆಳೆತವೆಂದು ತಪ್ಪಾಗಿ ಭಾವಿಸಲ್ಪಡುವ ಸಂಭವವಿದೆ.

ಲಕ್ಷಣಗಳು

ಮಂಪರು ಹತ್ತಿದ ಕೆಲವೇ ನಿಮಿಷಗಳಲ್ಲಿ ಕೈಕಾಲುಗಳು ಅಥವಾ ಇಡೀ ದೇಹ ಒಮ್ಮೆ ಜಗ್ಗಿದಂತಾಗುತ್ತದೆ. ಸೆಳೆತ ಒಂದು ಸೆಕೆಂಡಿಗಿಂತಲೂ ಕಡಿಮೆ ಹೊತ್ತಿನದು. ಎತ್ತರದಿಂದ ಬಿದ್ದಂತಹ ಅಥವಾ ಮೆಟ್ಟಿಲು ತಪ್ಪಿದಂತಹ ಭಾವನೆ, ಬೆಳಕು ಮಿಂಚಿದಂತಹ ಅಥವಾ ದೊಡ್ಡ ಸದ್ದು ಕೇಳಿದಂತಹ ಭ್ರಮೆ ಇದರೊಂದಿಗೆ ಬರಬಹುದು. ಎಚ್ಚರಗೊಂಡಾಗ ಎದೆಬಡಿತ ಹೆಚ್ಚಿರುವುದುಂಟು. ಕೆಲವೊಮ್ಮೆ ಬೆಚ್ಚಿದವರಿಗೆ ತಿಳಿಯದೆ ಪಕ್ಕದಲ್ಲಿ ಮಲಗಿದವರಿಗೆ ಮಾತ್ರ ತಿಳಿಯುತ್ತದೆ.

ಕಾರಣಗಳು

ನಿಖರವಾದ ಕಾರಣ ಇನ್ನೂ ಖಚಿತವಾಗಿಲ್ಲ. ಎಚ್ಚರವನ್ನು ಕಾಯ್ದುಕೊಳ್ಳುವ ಮೆದುಳುಕಾಂಡದ ನರಜಾಲವು ನಿದ್ರೆಗೆ ದಾರಿ ಬಿಟ್ಟುಕೊಡುವಾಗ ಉಂಟಾಗುವ ಅಸ್ಥಿರತೆಯಿಂದ ಇದು ಹುಟ್ಟುತ್ತದೆಂದು ಭಾವಿಸಲಾಗಿದೆ. ನಿದ್ರಾಹೀನತೆ, ಮಾನಸಿಕ ಒತ್ತಡ, ರಾತ್ರಿ ಹೊತ್ತಿನ ಕಠಿಣ ವ್ಯಾಯಾಮ, ಹಾಗೂ ಚಹಾ, ಕಾಫಿ, ತಂಬಾಕಿನ ಅತಿಯಾದ ಸೇವನೆ ಇದನ್ನು ಹೆಚ್ಚಿಸಬಹುದು. ಮರದ ಮೇಲೆ ಮಲಗುತ್ತಿದ್ದ ಪೂರ್ವಜ ಪ್ರಾಣಿಗಳು ಬೀಳದಂತೆ ಕಾಯುತ್ತಿದ್ದ ಪ್ರತಿವರ್ತನೆಯ ಉಳಿಕೆ ಇದು ಎಂಬುದು ಕೇವಲ ಊಹೆ.

ಅಧ್ಯಯನದ ಇತಿಹಾಸ

ಅಮೆರಿಕದ ವೈದ್ಯ ಸೈಲಾಸ್ ವೇರ್ ಮಿಚೆಲ್ 1890ರಲ್ಲಿ ಇದನ್ನು ವಿವರಿಸಿದನು. ಬ್ರಿಟನ್ನಿನ ಐಯಾನ್ ಓಸ್ವಾಲ್ಡ್ 1959ರಲ್ಲಿ ಮೆದುಳಿನ ವಿದ್ಯುತ್ ಅಲೆಗಳ ದಾಖಲೆಯ ನೆರವಿನಿಂದ ಇದನ್ನು ಅಧ್ಯಯನ ಮಾಡಿದನು.

ಅಪಸ್ಮಾರದಿಂದ ವ್ಯತ್ಯಾಸ

ಮಕ್ಕಳು ನಿದ್ರೆಯಲ್ಲಿ ಬೆಚ್ಚಿದರೆ ದೃಷ್ಟಿ ತಗುಲಿದೆಯೆಂದು ದೃಷ್ಟಿ ತೆಗೆಯುವ ರೂಢಿ ಕರ್ನಾಟಕದಲ್ಲಿದೆ. ಫಿಟ್ಸ್ ಇರಬಹುದೆಂದು ಭಯಪಡುವವರೂ ಇದ್ದಾರೆ. ನಿದ್ರಾರಂಭದ ಬೆಚ್ಚುವಿಕೆ ಸಾಮಾನ್ಯವಾಗಿ ಒಂದೆರಡು ಬಾರಿ ಬಂದು ನಿಲ್ಲುತ್ತದೆ. ಆಮೇಲೆ ಗೊಂದಲವಾಗಲಿ ಮರೆವಾಗಲಿ ಇರುವುದಿಲ್ಲ. ಇದಕ್ಕೆ ಪ್ರತಿಯಾಗಿ, ಹದಿಹರೆಯದಲ್ಲಿ ಹೆಚ್ಚಾಗಿ ಆರಂಭವಾಗುವ ಜುವೆನೈಲ್ ಮಯೋಕ್ಲೋನಿಕ್ ಅಪಸ್ಮಾರದ ಸೆಳೆತಗಳು ಬಹುಮಟ್ಟಿಗೆ ಬೆಳಿಗ್ಗೆ ಎದ್ದ ಮೇಲೆ ಬರುತ್ತವೆ. ಕೈಯಲ್ಲಿದ್ದ ಲೋಟ, ಹಲ್ಲುಜ್ಜುವ ಬ್ರಷ್ ಜಾರಿ ಬೀಳುವುದುಂಟು. ಇದನ್ನು ಔಷಧಿಯಿಂದ ಹತೋಟಿಯಲ್ಲಿಡಬಹುದಾದ್ದರಿಂದ ಕಡೆಗಣಿಸಬಾರದು.

ಎಚ್ಚರವಿರುವಾಗಲೂ ಸೆಳೆತ ಬರುವುದು, ನಾಲಿಗೆ ಕಚ್ಚಿಕೊಳ್ಳುವುದು, ಅರಿವಿಲ್ಲದೆ ಮೂತ್ರ ಹೋಗುವುದು, ಪ್ರಜ್ಞೆ ತಪ್ಪುವುದು ಕಂಡುಬಂದರೆ ನರರೋಗ ತಜ್ಞರನ್ನು ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಅಪಸ್ಮಾರದ ಚಿಕಿತ್ಸೆ ಲಭ್ಯವಿದೆ. ಸೆಳೆತದ ಮೊಬೈಲ್ ವಿಡಿಯೋ ರೋಗನಿರ್ಣಯಕ್ಕೆ ನೆರವಾಗುತ್ತದೆ.

ನಿರ್ವಹಣೆ

ಸಾಮಾನ್ಯವಾಗಿ ಚಿಕಿತ್ಸೆ ಬೇಕಾಗುವುದಿಲ್ಲ. ನಿಯಮಿತ ವೇಳೆಗೆ ಮಲಗುವುದು, ಸಂಜೆಯ ನಂತರ ಚಹಾ, ಕಾಫಿ ಬಿಡುವುದು ಸಹಕಾರಿ. ಬೆಚ್ಚುವ ಭಯದಿಂದಲೇ ನಿದ್ರೆ ಬಾರದೆ, ನಿದ್ರೆಗೆಟ್ಟು ಬೆಚ್ಚುವಿಕೆ ಹೆಚ್ಚಾಗುವುದೂ ಉಂಟು. ಇದು ನಿರಪಾಯಕಾರಿ ಎಂಬ ತಿಳಿವಳಿಕೆಯೇ ಆಗ ಮೊದಲ ಪರಿಹಾರ.