ಆರೇ ತಂಡದ ಚಿನ್ನ

ನಮ್ಮ ಎಡಕುಮೇರಿ ಕಾಡಿಗೆ ರೈಲು ಬಂದ ಮರುವರ್ಷ, 1980ರ ಜುಲೈ 29ರಂದು ಮಾಸ್ಕೋ ಒಲಿಂಪಿಕ್ಸ್ ಹಾಕಿ ಫೈನಲ್ ನಡೆಯಿತು. ಪಕ್ಕದ ಕೊಡಗಿನ ಎಂ.ಎಂ. ಸೋಮಯ್ಯ ಭಾರತ ತಂಡದಲ್ಲಿದ್ದರು. ಸ್ಪೇನ್ ಎದುರು ನಾವು 3-0 ಮುಂದೆ. ಇನ್ನೇನು ಗೆದ್ವಿ ಅನ್ನೋಷ್ಟರಲ್ಲಿ ಹುವಾನ್ ಅಮಾತ್ ಎರಡು ಗೋಲು ಹೊಡೆದ. ಮೊಹಮ್ಮದ್ ಶಾಹಿದ್ 4-2 ಮಾಡಿದರೆ, ಅಮಾತ್ ಮತ್ತೆ 4-3ಕ್ಕೆ ತಂದು ನಿಲ್ಲಿಸಿದ. ಅಲ್ಲಿಂದ ಕೊನೆಯ ಸೀಟಿವರೆಗೆ ಉಸಿರು ಬಿಗಿಹಿಡಿದು ಕೂರಬೇಕು.

ಬಹಿಷ್ಕಾರದಿಂದಾಗಿ ಬಂದಿದ್ದೇ ಆರು ತಂಡ, ಅದೆಂಥ ಚಿನ್ನ ಅಂತ ಮೂಗು ಮುರಿಯೋರಿದ್ದಾರೆ. ಅವರು ಒಮ್ಮೆ ಹಳೇ ವಿಡಿಯೋ ನೋಡಲಿ. ಫಲಿತಾಂಶ ಗೊತ್ತಿದ್ದರೂ ಎದೆ ಡವಡವ ಅನ್ನುತ್ತೆ. ಬಾರದ ತಂಡಗಳು ಆಗ ಯಾರಿಗೆ ನೆನಪಾಗ್ತವೆ? ಅದು ನಮ್ಮ ಎಂಟನೇ ಹಾಕಿ ಚಿನ್ನ. ಒಂಬತ್ತನೆಯದು ಇನ್ನೂ ಬಂದಿಲ್ಲ.