ನಮ್ಮ ಸೀಮೆಯ ಉದ್ಯೋಗದ ಹಾದಿಗಳು

ನಂದೇಶ್ವರ, ಅಕ್ಕಲಕೋಟೆ, ದಕ್ಷಿಣ ಸೋಲಾಪುರಗಳ ಕನ್ನಡ ಮನೆಗಳಲ್ಲಿ ಮಕ್ಕಳನ್ನು ಸಾಲೆಗೆ ಸೇರಿಸುವ ದಿನ ಬಂದಾಗ ಹಿರಿಯರ ಬಾಯಿಂದ ಹೊರಡುವ ಪ್ರಶ್ನೆಯೊಂದುಂಟು: ಕನ್ನಡ ಸಾಲೆಯಲ್ಲಿ ಕಲಿತ ಕೂಸು ಮುಂದೆ ಏನಾದೀತು? ಈ ಪ್ರಶ್ನೆಯ ಹಿಂದೆ ಭಯವಿದೆ. ಆ ಭಯ ಸಕಾರಣವಾದುದೂ ಹೌದು. ಆದರೆ ಇದಕ್ಕೆ ಉತ್ತರವನ್ನು ಅರಸುವವರು ನೆರೆಮನೆಯವರ ಮಗ ಏನಾದನೆಂಬುದನ್ನು ನೋಡುವರೇ ಹೊರತು, ಈ ನೆಲದ ಜನ ತಲೆತಲಾಂತರದಿಂದ ಒಂದು ಕಸಬಿನಿಂದ ಇನ್ನೊಂದು ಕಸಬಿಗೆ ಹೇಗೆ ದಾಟುತ್ತ ಬಂದರೆಂಬುದನ್ನು ನೋಡುವುದಿಲ್ಲ. ಆ ದಾಟುವಿಕೆಯ ಕತೆಯನ್ನು ಇಲ್ಲಿ ಸಂಗ್ರಹವಾಗಿ ವಾಚಕರ ಮುಂದಿಡಲು ನಾವು ಬಯಸುತ್ತೇವೆ.

ನಂದೇಶ್ವರದವರು ಕೋರ್ಟು ಕಚೇರಿಗಳಿಗೆಂದು ಹೋಗುವ ಮಂಗಳವೇಢೆಯಿಂದಲೇ ಆರಂಭಿಸುವುದು ಯೋಗ್ಯ. 12ನೆಯ ಶತಮಾನದಲ್ಲಿ ಅದು ಕಲಚುರಿಗಳ ನೆಲೆಯಾಗಿದ್ದಿತು. ಕೂಡಲಸಂಗಮದಿಂದ ಬಂದ ತರುಣ ಬಸವರಸನು ಇಲ್ಲಿಯ ಕರಣಶಾಲೆಯಲ್ಲಿ ಲೆಕ್ಕದ ತಪ್ಪೊಂದನ್ನು ಎತ್ತಿ ತೋರಿಸಿ, ಅದರಿಂದಲೇ ಕರಣಿಕನ ಕೆಲಸಕ್ಕೆ ಸೇರಿದನೆಂದು ಹರಿಹರನ ರಗಳೆ ತಿಳಿಸುತ್ತದೆ. ಮುಂದೆ ಭಂಡಾರಿಯಾದುದು, ಕಲ್ಯಾಣಕ್ಕೆ ಹೋದುದು, ಕಾಯಕದ ತತ್ತ್ವವನ್ನು ಸಾರಿದುದು ಎಲ್ಲರಿಗೂ ಗೊತ್ತಿರುವ ಕತೆ. ನಾವು ಇಲ್ಲಿ ಗಮನಿಸಬೇಕಾದುದು ಇಷ್ಟೆ: ಆ ಮಹಾಪುರುಷನು ರಾಜಸೇವೆಯ ಮೊದಲ ಮೆಟ್ಟಿಲನ್ನು ಏರಿದುದು ಅಕ್ಷರ ಮತ್ತು ಅಂಕಿಗಳ ಬಲದಿಂದ.

ಇದೇ ಊರಿನಲ್ಲಿ ಹುಟ್ಟಿದನೆಂದು ಸಂಪ್ರದಾಯ ಹೇಳುವ ಇನ್ನೊಬ್ಬ ಮಹನೀಯರು ಜಯತೀರ್ಥರು. ಪೂರ್ವಾಶ್ರಮದಲ್ಲಿ ಅವರು ಕುದುರೆಯೇರಿದ ಸಿಪಾಯಿ. ಕುದುರೆಯಿಂದ ಇಳಿಯದೆಯೇ ಬಾಗಿ, ಹೊಳೆಗೆ ಬಾಯಿಯಿಟ್ಟು ಎತ್ತಿನಂತೆ ನೀರು ಕುಡಿಯುತ್ತಿದ್ದಾಗ ಅಕ್ಷೋಭ್ಯತೀರ್ಥರ ಕಣ್ಣಿಗೆ ಬಿದ್ದರಂತೆ. ಕತ್ತಿ ಕೆಳಗಿಟ್ಟ ಆ ಕೈ ನ್ಯಾಯಸುಧೆಯನ್ನು ಬರೆಯಿತು. ಟೀಕಾಚಾರ್ಯರೆಂಬ ಬಿರುದು ಅವರಿಗೆ ಶಾಶ್ವತವಾಯಿತು.

ಆದರೆ ಎಲ್ಲರಿಗೂ ಬಾಗಿಲು ಹೀಗೆ ತೆರೆಯಲಿಲ್ಲ. ಸಂತ ಚೋಖಾಮೇಳನು ಮಹಾರ ಕುಲದವನು. ಆತನ ಅಭಂಗಗಳು ಪಂಢರಪುರದ ದಾರಿಯುದ್ದಕ್ಕೂ ಇಂದಿಗೂ ಕೇಳಿಬರುತ್ತವೆ. ಆದರೂ ಆತನ ಕೊನೆ ಆದುದು ಮಂಗಳವೇಢೆಯ ಊರಗೋಡೆಯನ್ನು ಕಟ್ಟುವ ಕೂಲಿಯಾಳಾಗಿ. 1338ರಲ್ಲಿ ಗೋಡೆ ಕುಸಿದು ಅನೇಕ ಕೂಲಿಗಳೊಡನೆ ಆತನೂ ಅದರಡಿ ಸಿಕ್ಕಿ ಸತ್ತನೆಂದು ಹೇಳುತ್ತಾರೆ. ಸಂತನೆಂದು ನಾಡೆಲ್ಲ ಮಣಿದರೂ ಕೈಯಲ್ಲಿಯ ಕಲ್ಲು ಮಣ್ಣಿನ ಬುಟ್ಟಿ ತಪ್ಪಲಿಲ್ಲ. ಇನ್ನು ಕಾನ್ಹೋಪಾತ್ರೆ, ಗಣಿಕೆಯ ಮಗಳು, ತಾಯಿಯ ವೃತ್ತಿಯನ್ನು ಒಲ್ಲೆನೆಂದವಳು. ಬೀದರದ ಬಾದಶಹನ ಕರೆ ಬಂದಾಗ ಅವಳು ವಿಠ್ಠಲನ ಗುಡಿಯಲ್ಲಿ ಪ್ರಾಣ ಬಿಟ್ಟಳೆಂದು ಭಕ್ತರ ಕತೆ. ಹುಟ್ಟಿನಿಂದ ಬಂದ ಕಸಬನ್ನು ಬೇಡವೆನ್ನಲು ಒಬ್ಬ ಹೆಣ್ಣುಮಗಳು ತೆತ್ತ ಬೆಲೆ ಇದು. ಬರಗಾಲದಲ್ಲಿ ಸರಕಾರಿ ಕಣಜಗಳನ್ನು ಜನರಿಗೆ ತೆರೆದಿಟ್ಟ ಅಧಿಕಾರಿ ದಾಮಾಜಿಪಂತರೂ ಈ ಊರಿನವರೇ. ಅವರ ಬಾಕಿಯನ್ನು ತೀರಿಸಲು ದೇವರು ಬೀದರಕ್ಕೆ ಹೋದನಂತೆ. ಹೋದುದು ಸೇಠಜಿಯಾಗಿ ಅಲ್ಲ, ವಿಠೂ ಮಹಾರನಾಗಿ. ಇಂಥ ಕತೆಯನ್ನು ಕಟ್ಟಿದ ಜನರ ಮನಸ್ಸಿನಲ್ಲಿ ಕಸಬಿನ ಮೇಲುಕೀಳಿನ ಬಗ್ಗೆ ಎಂಥ ಕೊರಗು ಇದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಸೋಲಾಪುರವು ಸೊನ್ನಲಿಗೆಯಾಗಿದ್ದ ಕಾಲದ ಸಿದ್ಧರಾಮನ ವಿಷಯವನ್ನೂ ಇಲ್ಲಿಯೇ ಹೇಳಿಬಿಡಬೇಕು. ಕೆರೆ ಅಗೆಸುವುದನ್ನೇ ವ್ರತವಾಗಿ ಕೈಕೊಂಡಿದ್ದ ಆತನನ್ನು ಅಲ್ಲಮಪ್ರಭು ಒಡ್ಡನೆಂದೇ ಕರೆದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಮಣ್ಣು ಹೊರುವವರ ಕುಲದ ಹೆಸರೇ ಆಗ ಬೈಗುಳವಾಗಿದ್ದಿತು. ಆ ಕೆರೆ ಮಾತ್ರ ಈಗಲೂ ಊರ ನಡುವೆ ಇದೆ.

ಮುಂದಿನ ಹಲವು ಶತಮಾನಗಳಲ್ಲಿ ಹಳ್ಳಿಯ ಬದುಕು ಆಯಗಾರಿಕೆಯ ಕಟ್ಟಿನಲ್ಲಿ ಸಾಗಿತು. ಬಡಿಗ, ಕಮ್ಮಾರ, ಕುಂಬಾರ, ನಾವಿಗ, ಅಗಸ ಇವರಿಗೆಲ್ಲ ಸುಗ್ಗಿಯ ಕಣದಲ್ಲಿ ಜೋಳದ ಆಯ, ಮರಾಠಿಯಲ್ಲಿ ಬಲುತೆ. ಗೌಡಕಿ ಕುಲಕರ್ಣಿಕೆಗಳು ವತನದಿಂದ ಬರುತ್ತಿದ್ದವು. ತಂದೆ ಏನೋ ಮಗ ಅದೇ. ಇದರಲ್ಲಿ ಹೊಟ್ಟೆಗೊಂದು ಭದ್ರತೆ ಇದ್ದಿತೆಂದು ಹೊಗಳುವವರು ಇದ್ದಾರೆ. ಆದರೆ ಆಯವು ಸುಗ್ಗಿಯನ್ನು ಅವಲಂಬಿಸಿತ್ತು, ಸುಗ್ಗಿಯು ಮಳೆಯನ್ನು ಅವಲಂಬಿಸಿತ್ತು, ನಮ್ಮ ಕಡೆಯ ಮಳೆ ಯಾರ ಮಾತನ್ನೂ ಕೇಳುವುದಲ್ಲ. 1876-77ರ ಭೀಕರ ಬರದಲ್ಲಿ ಈ ಕಟ್ಟು ಸಡಿಲಾಯಿತು. ಕಣದಲ್ಲಿ ಕಾಳೇ ಇಲ್ಲದ ಮೇಲೆ ಆಯವೆಲ್ಲಿಯದು?

ಆ ಹೊತ್ತಿಗೆ ಹೊರಗೆ ಹೋಗುವ ದಾರಿಯೊಂದು ತಯಾರಾಗಿತ್ತು. 1860ರಲ್ಲಿ ರೇಲ್ವೆ ಸೋಲಾಪುರವನ್ನು ಮುಟ್ಟಿತ್ತು. 1884ರಲ್ಲಿ ಹೋಟಗಿಯಿಂದ ವಿಜಾಪುರ ಗದಗಗಳಿಗೆ ಸಣ್ಣ ಹಳಿಯ ದಾರಿ ತೆರೆಯಿತು. ಬರ ಬಿದ್ದ ಕಾಲಕ್ಕೇ, 1877ರಲ್ಲಿ, ಮುಂಬಯಿಯ ಮೊರಾರ್ಜಿ ಗೋಕುಲದಾಸರ ಸೋಲಾಪುರ ಸ್ಪಿನ್ನಿಂಗ ಅಂಡ ವೀವಿಂಗ ಕಂಪನಿ, ಅಂದರೆ ಎಲ್ಲರ ಬಾಯಲ್ಲಿ ಹಳೇ ಗಿರಣಿ, ಕೆಲಸ ಆರಂಭಿಸಿತು. ಆಮೇಲೆ ಲಕ್ಷ್ಮೀ, ನರಸಿಂಗ ಗಿರಜಿ, ವಿಷ್ಣು ಗಿರಣಿಗಳು ಎದ್ದವು. ತೆಲುಗರ ಪದ್ಮಶಾಲಿಗಳು, ನಮ್ಮ ಕಡೆಯ ಲಿಂಗಾಯತ ಒಕ್ಕಲಿಗರು, ಮರಾಠರು, ಮೋಮಿನರು, ಮಹಾರರು ಎಲ್ಲರೂ ಒಂದೇ ಭೋಂಗಾದ ಸದ್ದಿಗೆ ಏಳುವುದನ್ನು ಕಲಿತರು.

ಗಿರಣಿಯ ಬಾಗಿಲು ಹೇಗೆ ತೆರೆಯುತ್ತಿತ್ತು? ಅರ್ಜಿಯಿಂದಲ್ಲ. ಜಾಬರನಿಂದ. ಜಾಬರನು ಖಾತೆಯ ಮೇಸ್ತ್ರಿ. ಆಳು ಹಚ್ಚುವವನೂ ಅವನೇ, ಬಿಡಿಸುವವನೂ ಅವನೇ. ತನ್ನ ಊರಿನವರನ್ನು, ತನ್ನ ಬೀಗರನ್ನು, ತನ್ನ ಮಾತಾಡುವವರನ್ನು ಅವನು ಕರೆತರುತ್ತಿದ್ದನು. ಹೊಸಬರು ಮೊದಲು ಬದಲಿ ಕಾಮಗಾರರಾಗಿ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು. ಯಾರಾದರೂ ಬಾರದೆ ಇದ್ದರೆ ಆ ದಿನ ಕೆಲಸ, ಇಲ್ಲದಿದ್ದರೆ ಬರಿಗೈ. ಈ ಪದ್ಧತಿಯಲ್ಲಿ ಲಂಚವಿದ್ದಿತು, ದರ್ಪವಿದ್ದಿತು. ಆದರೂ ಓದುಬರಹವಿಲ್ಲದ ಹಳ್ಳಿಗನೊಬ್ಬ ಹೊಸ ಕಸಬನ್ನು ಕಲಿಯಲು ಇದಕ್ಕಿಂತ ಬೇರೆ ಸಾಲೆ ಇರಲಿಲ್ಲವೆಂಬುದನ್ನೂ ಒಪ್ಪಬೇಕು.

ಅದೇ ಗಿರಣಿಗಳಿಗೆ ಇನ್ನೊಂದು ದಾರಿಯಿಂದ ಬಂದವರೂ ಇದ್ದರು. ಅವರ ವಿಷಯವನ್ನು ನಮ್ಮವರು ಅಷ್ಟಾಗಿ ಹೇಳುವುದಿಲ್ಲ. ಕೈಕಾಡಿ, ಪಾರಧಿ ಮೊದಲಾದ ಅಲೆಮಾರಿ ಕುಲಗಳನ್ನು ಬ್ರಿಟಿಷ ಸರಕಾರ ಗುನ್ಹೆಗಾರ ಜಾತಿಗಳೆಂದು ಕಾಯಿದೆಯಿಂದಲೇ ಹೆಸರಿಸಿತು. ಹುಟ್ಟಿದ ಕೂಸಿಗೂ ಆ ಹೆಸರು ತಪ್ಪದು. ವಿಜಾಪುರದಲ್ಲಿ 1910ರಲ್ಲಿ ಆರಂಭವಾದ ಸೆಟಲಮೆಂಟಿನ ಪದ್ಧತಿ ಬೇಗನೆ ಸೋಲಾಪುರಕ್ಕೂ ಬಂದಿತು. ತಂತಿಯ ಬೇಲಿ, ಹೊತ್ತುಹೊತ್ತಿಗೆ ಹಾಜರಿ, ಗಿರಣಿಯ ಕೆಲಸ, ಮರಳಿ ಬೇಲಿಯೊಳಗೆ. ಉದ್ಯೋಗ ಕೊಟ್ಟು ತಿದ್ದುತ್ತೇವೆಂಬುದು ಸರಕಾರದ ಮಾತು. ಉದ್ಯೋಗವೇನೋ ಸಿಕ್ಕಿತು, ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವ ಸ್ವಾತಂತ್ರ್ಯ ಸಿಕ್ಕಲಿಲ್ಲ. ಮುಂಬಯಿ ಪ್ರಾಂತದಲ್ಲಿ ಈ ಕಾಯಿದೆ 1949ರಲ್ಲಿ, ದೇಶಕ್ಕೆಲ್ಲ 1952ರಲ್ಲಿ ರದ್ದಾಯಿತು. ಕಾಯಿದೆ ಹೋದರೂ ಹೆಸರು ಹೋಗಲು ಬಹುಕಾಲ ಹಿಡಿಯಿತು. ಪೂರ್ತಿ ಹೋಗಿದೆಯೆಂದು ಹೇಳುವ ಧೈರ್ಯ ನಮಗಿಲ್ಲ.

ಗಿರಣಿಯ ಜೊತೆಗೇ ತೆರೆದ ಮತ್ತೊಂದು ಬಾಗಿಲು ಕನ್ನಡ ಸಾಲೆಯದು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನು ಸಾಲಿ ಮಾಸ್ತರನಾಗಬಹುದಿತ್ತು, ತಲಾಠಿಯಾಗಬಹುದಿತ್ತು, ಕಚೇರಿಯಲ್ಲಿ ಕಾರಕೂನನಾಗಬಹುದಿತ್ತು. ಮಾಸ್ತರಿಕೆಯ ಶಿಕ್ಷಣಕ್ಕೆ ಧಾರವಾಡದ ಟ್ರೇನಿಂಗ ಕಾಲೇಜು ಇದ್ದಿತು. ವತನದಿಂದ ಬರುತ್ತಿದ್ದ ಲೆಕ್ಕಣಿಕೆ ಹೀಗೆ ಪರೀಕ್ಷೆಯಿಂದ ಬರತೊಡಗಿತು. ಕಾನೂನು ಮಾತ್ರ ನಿಧಾನವಾಗಿ ಹಿಂದಿನಿಂದ ಬಂದಿತು: ಕುಲಕರ್ಣಿ ವತನಗಳು 1950ರ ಕಾಯಿದೆಯಿಂದಲೂ, ಮಹಾರರೇ ಮೊದಲಾದವರ ಕೆಳಗಿನ ವತನಗಳು 1958ರ ಕಾಯಿದೆಯಿಂದಲೂ, ಪಾಟೀಲಕಿ 1962ರ ಕಾಯಿದೆಯಿಂದಲೂ ಕೊನೆಗೊಂಡವು. ಹುಟ್ಟಿನಿಂದ ಬರುತ್ತಿದ್ದ ಸರಕಾರಿ ಚಾಕರಿ ನಮ್ಮ ಹಳ್ಳಿಗಳಿಂದ ಕಾಲ್ತೆಗೆದುದು ಹೀಗೆ ಹನ್ನೆರಡು ವರ್ಷಗಳ ಅವಧಿಯಲ್ಲಿ.

ಎಲ್ಲರೂ ಪರೀಕ್ಷೆಯ ದಾರಿಯಲ್ಲಿಯೇ ನಡೆದರೆಂದಲ್ಲ. ಸೋಲಾಪುರದ ವ್ಯಾಪಾರಿ ಮನೆತನದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ಕಾಲೇಜನ್ನು ಅರ್ಧಕ್ಕೆ ಬಿಟ್ಟರು; ಹತ್ತಿ ಮತ್ತು ಲೇವಾದೇವಿಯ ಮನೆವ್ಯವಹಾರದಲ್ಲಿ ಅವರ ಮನಸ್ಸು ನಿಲ್ಲಲಿಲ್ಲ. ರೇಲ್ವೆಯ ಕಾರಕೂನಿಕೆಯನ್ನು ಬಿಟ್ಟು ಗುತ್ತಿಗೆ ಹಿಡಿದಿದ್ದ ಲಕ್ಷ್ಮಣರಾವ ಫಾಟಕರ ಜೊತೆಯಾಯಿತು. ಕೆಲಸ ಬಲ್ಲವರು ಫಾಟಕರು, ಬಂಡವಾಳ ಹೂಡುವವರು ವಾಲಚಂದರು. ಬಾರ್ಶಿಯ ಸಣ್ಣ ರೇಲ್ವೆಯ ಗುತ್ತಿಗೆಯಿಂದ ಹೊರಟ ಈ ಸವಾರಿ 1919ರಲ್ಲಿ ಸಿಂಧಿಯಾ ಹಡಗು ಕಂಪನಿಯನ್ನೂ, 1940ರಲ್ಲಿ ಮೈಸೂರು ಸರಕಾರದ ಸಹಾಯದಿಂದ ಬೆಂಗಳೂರಿನ ವಿಮಾನ ಕಾರಖಾನೆಯನ್ನೂ ಮುಟ್ಟಿತು. ಸಾವಿರಾರು ಕನ್ನಡ ತರುಣರಿಗೆ ಕೆಲಸ ಕೊಟ್ಟ ಆ ಕಾರಖಾನೆಯ ಬೀಜ ಸೋಲಾಪುರದ್ದೆಂಬುದು ನಮ್ಮವರಲ್ಲಿ ಎಷ್ಟು ಜನರಿಗೆ ಗೊತ್ತು? ಇದೇ ಊರಿನಲ್ಲಿ 1910ರಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟಣೀಸರು ಮುಂಬಯಿಯಲ್ಲಿ ವೈದ್ಯಕೀಯ ಕಲಿತು, 1938ರಲ್ಲಿ ಕಾಂಗ್ರೆಸಿನ ಕರೆಗೆ ಓಗೊಟ್ಟು ಚೀನಕ್ಕೆ ಹೋಗಿ, 1942ರಲ್ಲಿ ಅಲ್ಲಿಯೇ ತೀರಿಕೊಂಡರು. ಕಡುಬಡತನದ ದಲಿತ ಮನೆಯಲ್ಲಿ 1941ರಲ್ಲಿ ಹುಟ್ಟಿದ ಸುಶೀಲಕುಮಾರ ಶಿಂದೆಯವರು ಸೋಲಾಪುರದ ಕೋರ್ಟಿನಲ್ಲಿ ಸಣ್ಣ ಚಾಕರಿ ಮಾಡುತ್ತಲೇ ಓದಿ, ಪೋಲೀಸ ಸಬ್ ಇನ್ಸ್ಪೆಕ್ಟರರಾಗಿ, 2003ರಲ್ಲಿ ಮಹಾರಾಷ್ಟ್ರದ ಮುಖ್ಯಮಂತ್ರಿಯಾದರು. ರಾಜಕಾರಣದ ಮಾತು ನಮಗಿಲ್ಲಿ ಬೇಡ. ಸಂಬಳ ಪಡೆಯುತ್ತಲೇ ಓದಿದ ಆ ವರ್ಷಗಳಷ್ಟೇ ನಮ್ಮ ವಿಷಯಕ್ಕೆ ಸಾಕು.

ಇನ್ನು ಭಾಷೆಯ ಪ್ರಶ್ನೆ. ಯಾವ ಭಾಷೆಯಲ್ಲಿ ಕಲಿತವನು ಯಾವ ಕೆಲಸಕ್ಕೆ ಹೋಗಬೇಕೆಂಬುದು ಮೊದಲೇ ಗೊತ್ತಾಗಿರುತ್ತದೆಂದು ತಿಳಿಯುವವರು ಎರಡು ಜೀವನಗಳನ್ನು ನೋಡಬೇಕು. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಪುಣೆಯಲ್ಲಿ ಬಿ.ಎ. ಮುಗಿಸಿ 1918ರಲ್ಲಿ ಧಾರವಾಡಕ್ಕೆ ಬಂದು ಮಾಸ್ತರರಾದರು. ನರಬಲಿ ಎಂಬ ಕವನಕ್ಕಾಗಿ 1932ರಲ್ಲಿ ಸೆರೆಮನೆ ಸೇರಬೇಕಾಯಿತು, ಕೆಲಸವೂ ಹೋಯಿತು. ಮುಂದೆ ವರ್ಷಗಟ್ಟಲೆ ನೆಲೆಯಾದ ಉದ್ಯೋಗವಿಲ್ಲ. ಹೆಂಡಿರು ಮಕ್ಕಳ ಭಾರ ಹೊತ್ತುಕೊಂಡೇ, ಮೂವತ್ತೊಂಬತ್ತರ ವಯಸ್ಸಿಗೆ, 1935ರಲ್ಲಿ ಎಂ.ಎ. ಮಾಡಿಕೊಂಡರು. ಕೊನೆಗೆ ಸ್ಥಿರವಾದ ಪ್ರಾಧ್ಯಾಪಕ ಪದವಿ ದೊರೆತುದು ಸೋಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ, 1944ರಿಂದ 1956ರವರೆಗೆ ಹನ್ನೆರಡು ವರ್ಷ ಅವರು ಇಲ್ಲಿ ಕನ್ನಡ ಕಲಿಸಿದರು. ಕನ್ನಡದ ವರಕವಿಗೆ ಅನ್ನ ಕೊಟ್ಟ ಊರು ಕರ್ನಾಟಕದ ಹೊರಗಿನದು. ಆ ಅನ್ನ ಕನ್ನಡ ಕಲಿಸುವುದರಿಂದಲೇ ಬಂದುದು. 1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಎಂ. ಆರ್. ಶ್ರೀನಿವಾಸಮೂರ್ತಿಗಳ ಅಧ್ಯಕ್ಷತೆಯಲ್ಲಿ ಸೋಲಾಪುರದಲ್ಲಿಯೇ ಕೂಡಿದಾಗ ಬೇಂದ್ರೆಯವರು ಇದೇ ಊರಿನ ಮಾಸ್ತರರು.

ಇದಕ್ಕೆ ಪ್ರತಿಯಾದ ಕತೆ ಜಯದೇವಿತಾಯಿ ಲಿಗಾಡೆಯವರದು. 1912ರಲ್ಲಿ ಸೋಲಾಪುರದಲ್ಲಿ ಹುಟ್ಟಿದ ಅವರು ಸಾಲೆ ಕಲಿತುದು ಮರಾಠಿಯಲ್ಲಿ. ಚಿಕ್ಕಂದಿನಲ್ಲಿಯೇ ಲಗ್ನವೂ ಆಯಿತು. ಕನ್ನಡದ ಅಕ್ಷರಗಳನ್ನು ಆಮೇಲೆ ತಾವಾಗಿ ಕಲಿತು, ಊರ ದೈವವಾದ ಸಿದ್ಧರಾಮನ ಚರಿತ್ರೆಯನ್ನು ತ್ರಿಪದಿಯಲ್ಲಿ ಮಹಾಕಾವ್ಯವಾಗಿ ಬರೆದರು. 1974ರ ಮಂಡ್ಯ ಸಮ್ಮೇಳನದಲ್ಲಿ ಅವರು ಅಧ್ಯಕ್ಷರಾದರು. ಆ ಪೀಠವನ್ನೇರಿದ ಮೊದಲ ಮಹಿಳೆ ನಮ್ಮ ಸೋಲಾಪುರದವರು. ಕವಿಯಾಗುವುದು ಉದ್ಯೋಗವೇ ಎಂದು ಯಾರಾದರೂ ಕೇಳಿಯಾರು. ವಿಜಾಪುರದ ಫ. ಗು. ಹಳಕಟ್ಟಿಯವರಿಗೂ ಹೀಗೆಯೇ ಕೇಳಿರಬೇಕು. ನಡೆಯುತ್ತಿದ್ದ ವಕೀಲಿಯನ್ನು ಹಿಂದಿಟ್ಟು, ಮನೆಯನ್ನೇ ಮಾರಿ, 1925ರಲ್ಲಿ ಅವರು ಮುದ್ರಣಾಲಯ ಹಾಕಿದರು. ವಚನಗಳು ಇಂದು ಮನೆಮನೆಯಲ್ಲಿ ಇರುವುದು ಆ ಮಾರಾಟದಿಂದ.

ಗಿರಣಿಗಳ ಕಾಲ ಈಗ ಮುಗಿದಿದೆ. ಹಳೇ ಗಿರಣಿ 1960ರ ದಶಕದಲ್ಲಿ ನಿಂತಿತು. ಉಳಿದವೂ ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಗಿರಣಿಯ ಕಾಮಗಾರರಲ್ಲಿ ಎಷ್ಟೋ ಜನ ಪವರಲೂಮಿಗೆ ಹೋದರು. ಅನೇಕ ಮನೆಗಳು ಹೆಂಗಸರು ಕಟ್ಟುವ ಬೀಡಿಯ ಮೇಲೆ ನಿಂತವು. ಬೀಡಿ ಕಟ್ಟುವ ಹೆಣ್ಣುಮಕ್ಕಳು ಸಂಘ ಕಟ್ಟಿ ಹೋರಾಡಿ, ದಕ್ಷಿಣ ಸೋಲಾಪುರದ ಕುಂಭಾರಿಯಲ್ಲಿ 10,000 ಮನೆಗಳ ವಸತಿಯನ್ನು 2006ರಲ್ಲಿ ಪಡೆದರು. ಅವರ ಕಸಬು ಅಳಿಯಬೇಕಾದ ಕಸಬೇ. ಆದರೆ ಅದರಿಂದ ಅವರು ಕಟ್ಟಿದ ಮನೆ ಉಳಿಯಬೇಕಾದುದು. ನಂದೇಶ್ವರದ ಕಡೆಯ ಒಣಭೂಮಿಯಲ್ಲಿ ಕಬ್ಬು ಕಡಿಯಲು ಊರು ಬಿಡುವವರು ಇದ್ದಂತೆಯೇ ಹನಿ ನೀರಿನಿಂದ ದಾಳಿಂಬೆ ಬೆಳೆದು ನಿಂತವರೂ ಇದ್ದಾರೆ. ದಾಳಿಂಬೆಯ ರಾಷ್ಟ್ರೀಯ ಸಂಶೋಧನ ಕೇಂದ್ರ 2005ರಲ್ಲಿ ಸೋಲಾಪುರಕ್ಕೆ ಬಂದುದರಿಂದ, ಒಕ್ಕಲುತನವೂ ಕಲಿತು ಮಾಡುವ ಉದ್ಯೋಗವಾಗತೊಡಗಿದೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಈಗ ಇರುವ ಸವಲತ್ತುಗಳನ್ನು ಪಾಲಕರು ಸರಿಯಾಗಿ ತಿಳಿದಿರಬೇಕು. 1967ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಬಾಲಭಾರತಿಯು ಎಂಟು ಮಾಧ್ಯಮಗಳಲ್ಲಿ ಪಠ್ಯಪುಸ್ತಕಗಳನ್ನು ಅಚ್ಚು ಹಾಕುತ್ತದೆ. ಅವುಗಳಲ್ಲಿ ಕನ್ನಡವೂ ಒಂದು. ಮಹಾರಾಷ್ಟ್ರದ ಎಲ್ಲ ಸಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿದ 2020ರ ಕಾಯಿದೆಯಿಂದ ನಮ್ಮ ಮಕ್ಕಳು ಮರಾಠಿಯನ್ನೂ ಕಲಿಯುತ್ತಾರೆ. ಇದು ಒಳ್ಳೆಯದೇ; ಈ ರಾಜ್ಯದ ನೌಕರಿಗೆ ಅದು ಬೇಕೇ ಬೇಕು. ಆಚೆ ಕರ್ನಾಟಕದ ಸಿ.ಇ.ಟಿ. ಪ್ರವೇಶ ನಿಯಮಗಳಲ್ಲಿ ಗಡಿಯ ಕನ್ನಡ ಮಕ್ಕಳಿಗೆಂದೇ ಒಂದು ಕಲಮು ಇದೆ. ಮನೆಮಾತು ಕನ್ನಡವಾಗಿದ್ದು, ಗಡಿಯ ಗೊತ್ತಾದ ತಾಲೂಕುಗಳ ಸಾಲೆಗಳಲ್ಲಿ ಏಳು ವರ್ಷ ಓದಿದವರು ಇಂಜಿನಿಯರಿಂಗ ಮೊದಲಾದ ಸರಕಾರಿ ಸೀಟುಗಳಿಗೆ ಅದರಡಿ ಅರ್ಜಿ ಹಾಕಬಹುದು. ಮಹಾರಾಷ್ಟ್ರದಿಂದ ಆ ಪಟ್ಟಿಯಲ್ಲಿ ಇರುವವು ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಈ ನಾಲ್ಕು ತಾಲೂಕುಗಳು. ಮಂಗಳವೇಢೆಯ ಹೆಸರು ಅದರಲ್ಲಿಲ್ಲ. ಅಕ್ಕಲಕೋಟೆಯ ಕೂಸಿಗೆ ತೆರೆದಿರುವ ಬಾಗಿಲು ನಂದೇಶ್ವರದ ಕೂಸಿಗೆ ತೆರೆದಿಲ್ಲ. ಇಬ್ಬರೂ ಓದುವುದು ಬಾಲಭಾರತಿಯ ಅದೇ ಕನ್ನಡ ಪುಸ್ತಕವನ್ನು.